ಕಟ್ಟಲು ನಿಮಿಷ, ಒಡೆಯಲು ವರುಷ

1903ನೆಯ ಇಸವಿ ಅಕ್ಟೋಬರ್ 31. ನ್ಯೂಯಾರ್ಕ್ ನಗರದಲ್ಲಿ ಅಮೆರಿಕದ ಗಣಿತ ಸಂಘದ ಸಭೆ ಸೇರಿತ್ತು. ದೊಡ್ಡ ಸಂಖ್ಯೆಗಳ ಅಪವರ್ತನವನ್ನು ಕುರಿತು ಪ್ರಬಂಧ ಮಂಡಿಸಬೇಕಾಗಿದ್ದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಎದ್ದು ಕರಿಹಲಗೆಯ ಬಳಿ ನಿಂತರು. ತುಟಿ ಬಿಚ್ಚಲಿಲ್ಲ. 67 ಎರಡುಗಳನ್ನು ಒಂದರಿಂದೊಂದು ಗುಣಿಸಿ, ಬಂದ ಲಬ್ಧದಿಂದ 1ನ್ನು ಕಳೆದರು. ಉಳಿದದ್ದು 21 ಅಂಕಿಗಳ ಸಂಖ್ಯೆ:

14,75,73,95,25,89,67,64,12,927.

ಹಲಗೆಯ ಬರಿದಾದ ಭಾಗದಲ್ಲಿ 19,37,07,721 ಮತ್ತು 7,61,83,82,57,287 ಎಂದು ಬರೆದು ಕೈಯಿಂದಲೇ ಗುಣಿಸಿದರು. ಎರಡು ಉತ್ತರಗಳೂ ಒಂದೇ! ಕೋಲ್ ಮೌನವಾಗಿಯೇ ತಮ್ಮ ಸ್ಥಾನಕ್ಕೆ ಮರಳಿದರು. ಸಭೆ ಕರತಾಡನ ಮಾಡಿತು; ಯಾರೂ ಪ್ರಶ್ನೆ ಕೇಳಲಿಲ್ಲ. ಗಣಿತಜ್ಞ ಇ. ಟಿ. ಬೆಲ್ ಹೇಳಿರುವ ಪ್ರಸಂಗವಿದು.

ಒಂದು ಗುಣಾಕಾರಕ್ಕೆ ಇಷ್ಟು ಗೌರವವೇಕೆ? ಫ್ರಾನ್ಸಿನ ಕ್ರೈಸ್ತ ಸಂನ್ಯಾಸಿ ಮರ್ಸೆನ್ 1644ರಲ್ಲಿ ಈ ಸಂಖ್ಯೆ ಅವಿಭಾಜ್ಯವೆಂದು, ಎಂದರೆ 1 ಮತ್ತು ತಾನಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲ್ಪಡದೆಂದು, ಬರೆದಿದ್ದನು. ಎರಡು ಶತಮಾನಕ್ಕೂ ಮಿಗಿಲಾಗಿ ಆ ಮಾತು ನಿಂತಿತು. 1876ರಲ್ಲಿ ಅದೇ ದೇಶದ ಲೂಕಾ ಅದು ಸುಳ್ಳೆಂದು ತೋರಿಸಿದನು. ಆದರೆ ಅವನ ವಿಧಾನದಿಂದ ಸಂಖ್ಯೆ ಒಡೆಯುತ್ತದೆಂದು ತಿಳಿಯಿತೇ ಹೊರತು, ಯಾವ ತುಂಡುಗಳಾಗಿ ಎಂಬುದು ತಿಳಿಯಲಿಲ್ಲ. ಪೆಟ್ಟಿಗೆಯಲ್ಲಿ ನಿಧಿಯುಂಟೆಂದು ಖಚಿತವಾಯಿತು. ಬೀಗದ ಕೈ ಮಾತ್ರ ದೊರೆಯಲಿಲ್ಲ.

ಹುಡುಕಾಟಕ್ಕೆ ಒಂದು ಸುಳಿವೇನೋ ಉಂಟು. ಈ ಸಂಖ್ಯೆಯ ಯಾವ ಅಪವರ್ತನವನ್ನಾದರೂ 67ರ ಇಮ್ಮಡಿಯಾದ 134ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಆದರೂ ಅಂತಹ ಸಂಖ್ಯೆಗಳನ್ನು 135ರಿಂದ ಮೊದಲ್ಗೊಂಡು ಎಣಿಸುತ್ತ ಹೋದರೆ, ಕೋಲ್ ಕಂಡುಹಿಡಿದ ಚಿಕ್ಕ ಅಪವರ್ತನ ದೊರೆಯುವುದು 14,45,580ನೆಯ ಸ್ಥಾನದಲ್ಲಿ! ಕೋಲ್ ಇನ್ನೂ ಸೂಕ್ಷ್ಮವಾದ ಜರಡಿಗಳಿಂದ ಸೋಸಬೇಕಾಯಿತು. ಎಷ್ಟು ಕಾಲ ಹಿಡಿಯಿತೆಂದು ಬೆಲ್ 1911ರಲ್ಲಿ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದು ಅವರು ಉತ್ತರಿಸಿದರಂತೆ.

ಮನೆಯ ಮಕ್ಕಳು ಇದನ್ನು ಸ್ವಲ್ಪ ಪರೀಕ್ಷಿಸಬಹುದು. ಮೊದಲ ಅಪವರ್ತನದ ಅಂಕಿಗಳ ಮೊತ್ತ 37. ಅದರ ಅಂಕಿಗಳನ್ನು ಕೂಡಿದರೆ 10, ಮತ್ತೆ ಕೂಡಿದರೆ 1. ಎರಡನೆಯದರ ಮೊತ್ತ 64. ಅದೂ ಹಾಗೆಯೇ 1. ಗುಣಲಬ್ಧದ ಮೊತ್ತ 109, ಅದೂ 1. ಒಂದೊಂದ್ಲ ಒಂದು, ತಾಳೆಯಾಯಿತು. ಇಷ್ಟರಿಂದಲೇ ಲೆಕ್ಕ ಸರಿಯೆಂದು ಸಿದ್ಧವಾಗದು. ತಾಳೆಯಾಗದಿದ್ದಲ್ಲಿ ತಪ್ಪೆಂಬುದು ಮಾತ್ರ ನಿಶ್ಚಯ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ಲೋಕದ ಗಾದೆ. ಸಂಖ್ಯೆಗಳ ಲೋಕದಲ್ಲಿ ಅದು ತಲೆಕೆಳಗು. ಕೋಲರ ಸಂಖ್ಯೆಯನ್ನು ಇಂದಿನ ಕಂಪ್ಯೂಟರು ಕ್ಷಣಾರ್ಧದಲ್ಲಿ ಒಡೆಯಬಲ್ಲುದು ನಿಜ. ಆದರೆ ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಿಟ್ಟರೆ ಅದೂ ಸೋಲುತ್ತದೆ. 1977ರಲ್ಲಿ ಮೂವರು ವಿಜ್ಞಾನಿಗಳು ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಗೂಢಲಿಪಿಯೊಂದು ಈ ಸೋಲನ್ನೇ ನಂಬಿಕೊಂಡಿದೆ. ದೂರದವರಿಗೆ ಕಳುಹಿಸುವ ಗುಟ್ಟನ್ನು ಕಾಯಲು ಜನರು ಆಶ್ರಯಿಸಿರುವುದು, ಕೋಲರ ಅಷ್ಟೊಂದು ಭಾನುವಾರಗಳನ್ನು ನುಂಗಿದ ಆ ಕಷ್ಟವನ್ನೇ.