ವಿಮಾನಕ್ಕೆ ಚಪ್ಪಾಳೆ, ಅಜ್ಜನಿಗೆ ಗಾಲಿಕುರ್ಚಿ

ಅಮೆರಿಕದಲ್ಲಿ ಹಳೇ ಯುದ್ಧವಿಮಾನಗಳ ಮೇಳ ಎಂದರೆ ನಮ್ಮಲ್ಲಿ ಊರ ಜಾತ್ರೆ ಇದ್ದ ಹಾಗೆ. ಎರಡನೇ ಮಹಾಯುದ್ಧದ ಬಾಂಬರುಗಳನ್ನು ರಿಪೇರಿ ಮಾಡಿ, ಹೊಸ ಬಣ್ಣ ಬಳಿದು ಹಾರಿಸುತ್ತಾರೆ. ಆ ಯುದ್ಧದಲ್ಲಿದ್ದು ಈಗ ನೂರರ ಆಸುಪಾಸಿನಲ್ಲಿರುವ ಅಜ್ಜಂದಿರನ್ನು ಗಾಲಿಕುರ್ಚಿಯಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅಷ್ಟರಲ್ಲಿ ಮೇಲೆ ಎಂಜಿನ್ ಗುಡುಗುತ್ತದೆ, ಎಲ್ಲರ ಕತ್ತೂ ಆಕಾಶಕ್ಕೆ. ಅಜ್ಜನ ಪಾಲಿನ ಗೌರವ ಅಲ್ಲಿಗೆ ಮುಗಿಯಿತು.

ಇದು ಸೈನಿಕರಿಗೆ ಸಲ್ಲುವ ಗೌರವವಲ್ಲ ಎಂದು ನಾವು ಹೇಳುತ್ತೇವೆ. ಈ ಜಾತ್ರೆಯಲ್ಲಿ ತೇರು ವಿಮಾನ, ಅಜ್ಜ ತೇರಿಗೆ ಕಟ್ಟಿದ ಬಾಳೆಕಂದು. ಅಲಂಕಾರಕ್ಕೆ ಬೇಕು, ಆದರೆ ಅದರ ಮಾತು ಯಾರಿಗೂ ಬೇಕಿಲ್ಲ.

ಅಮೆರಿಕದವರ ಜಾತ್ರೆ ನಮಗ್ಯಾಕೆ ಎನ್ನಬೇಡಿ. ಆ ತೇರುಗಳಲ್ಲಿ ಒಂದಕ್ಕೆ ಬೆಂಗಳೂರಿನ ಕೈಕೆಲಸ ಇದೆ.

ಅಮೆರಿಕ 18,000ಕ್ಕೂ ಹೆಚ್ಚು ಬಿ-24 ಲಿಬರೇಟರ್ ಬಾಂಬರುಗಳನ್ನು ತಯಾರಿಸಿತ್ತು. ಯುದ್ಧ ಮುಗಿದಾಗ ಹಲವನ್ನು ಕಾನ್ಪುರದಲ್ಲಿ, ಯಾರೂ ಮತ್ತೆ ಬಳಸದಂತೆ ಕೆಡಿಸಿ ಬಿಟ್ಟು ಹೋದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು 1948ರಲ್ಲಿ ಆ ಗುಜರಿ ರಾಶಿಗೆ ಕೈ ಹಾಕಿದರು. ಅಲ್ಲೇ ಹೇಗೋ ತೇಪೆ ಹಾಕಿ, ಬೆಂಗಳೂರಿಗೆ ಹಾರಿಸಿ ತಂದು, ಇಲ್ಲಿ ಪೂರ್ತಿ ದುರಸ್ತಿ ಮಾಡಿದರು. ಹೀಗೆ ಬದುಕಿಕೊಂಡ ಸುಮಾರು 40 ವಿಮಾನಗಳಿಂದ ನಮ್ಮ ವಾಯುಪಡೆಯ ಬಾಂಬರ್ ಪಡೆ ಎದ್ದು ನಿಂತಿತು. 1968ರವರೆಗೂ ಅವು ಸೇವೆಯಲ್ಲಿದ್ದವು.

ಅವುಗಳಲ್ಲೊಂದು ಇಂಗ್ಲೆಂಡಿನ ಮೂಲಕ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಕೈ ಸೇರಿತು. 1989ರಿಂದ ವರ್ಷಗಟ್ಟಲೆ ಅದು ಊರೂರು ಸುತ್ತಿ ಅಲ್ಲಿನ ಮಾಜಿ ಸೈನಿಕರ ಮುಂದೆ ಹಾರಿತು. ಒಂದು ಕಾಲಕ್ಕೆ ಅದರ ಮೂತಿಯ ಮೇಲೆ 'ಆಲ್ ಅಮೆರಿಕನ್' ಎಂದು ಬರೆದರು, ಆಮೇಲೆ 'ದಿ ಡ್ರ್ಯಾಗನ್ ಆ್ಯಂಡ್ ಹಿಸ್ ಟೇಲ್', ಆಮೇಲೆ 'ವಿಚ್‌ಕ್ರಾಫ್ಟ್'. ಮೂರೂ ಬೇರೆ ವಿಮಾನಗಳ ಹೆಸರು, ಬೇರೆಯವರು ಹಾರಿಸಿದ ಯುದ್ಧಗಳ ನೆನಪು. ಇಪ್ಪತ್ತು ವರ್ಷ ಅನ್ನ ಹಾಕಿದ ಮನೆಯ ಗುರುತು ಮೈ ಮೇಲೆ ಉಳಿಯಲಿಲ್ಲ. ಅದರ ಚರಿತ್ರೆ ಬರೆದವರು ಭಾರತದ ಹೆಸರನ್ನು ಮುಚ್ಚಿಟ್ಟಿಲ್ಲ, ನಿಜ. ಆದರೆ ಮೇಳಕ್ಕೆ ಬಂದವರು ಚರಿತ್ರೆ ಓದುವುದಿಲ್ಲ, ಬಣ್ಣ ನೋಡುತ್ತಾರೆ. ಕಾನ್ಪುರದ ಬಿಸಿಲಿನಲ್ಲಿ ಕೆಟ್ಟ ಎಂಜಿನ್ನುಗಳನ್ನು ಬಿಚ್ಚಿದ ಫಿಟ್ಟರುಗಳಿಗೆ ಯಾವ ಮೇಳದಲ್ಲೂ ಕುರ್ಚಿ ಹಾಕಲಿಲ್ಲ. ಯಂತ್ರಕ್ಕೆ ನೆನಪಿಲ್ಲ. ಯಾರು ಬಣ್ಣ ಬಳಿದರೋ ಅವರ ಕತೆಯನ್ನೇ ಅದು ಹೇಳುತ್ತದೆ.

ಇನ್ನು ಈ ಗೌರವಕ್ಕೆ ತೆತ್ತ ಬೆಲೆ ನೋಡಿ. 2019ರ ಅಕ್ಟೋಬರ್ 2ರಂದು ಅದೇ ಸಂಸ್ಥೆಯ ಬಿ-17 ಬಾಂಬರ್ ಹಣ ಕೊಟ್ಟು ಹತ್ತಿದ ಪ್ರಯಾಣಿಕರನ್ನು ಹೊತ್ತು ಕನೆಕ್ಟಿಕಟ್‌ನಲ್ಲಿ ಮೇಲೇರಿತು. ಎಂಜಿನ್ ಕೈಕೊಟ್ಟು, ವಾಪಸ್ ಇಳಿಯುವಾಗ ಅಪ್ಪಳಿಸಿ ಏಳು ಜನ ಸತ್ತರು. ನಿರ್ವಹಣೆ ಸರಿಯಿರಲಿಲ್ಲ ಎಂದು ತನಿಖೆ ಹೇಳಿತು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಜನರನ್ನು ಹತ್ತಿಸಿಕೊಳ್ಳುವ ಅನುಮತಿಯನ್ನು ಕಿತ್ತುಕೊಂಡಿತು. 2022ರ ನವೆಂಬರ್ 12ರಂದು, ಮಾಜಿ ಸೈನಿಕರ ದಿನದ ಮಾರನೆಯ ದಿನವೇ, ಡಲ್ಲಾಸ್‌ನ ಮೇಳದಲ್ಲಿ ಮತ್ತೊಂದು ಬಿ-17ಕ್ಕೆ ಪಿ-63 ಕಿಂಗ್‌ಕೋಬ್ರಾ ಡಿಕ್ಕಿ ಹೊಡೆಯಿತು. ಸಾವಿರಾರು ಜನರ ಕಣ್ಣೆದುರೇ ಆರು ಜನ ಹೋದರು. ವಿಮಾನಗಳ ನಡುವೆ ಅಂತರ ಕಾಯ್ದುಕೊಳ್ಳಲು ಮೊದಲೇ ಮಾಡಿದ ಸರಿಯಾದ ಯೋಜನೆ ಇರಲಿಲ್ಲ, ಕಣ್ಣಳತೆಯನ್ನೇ ನಂಬಿದ್ದರು ಎಂದು ತನಿಖೆ ಹೇಳಿತು. ಒಂದು ಯುದ್ಧದಲ್ಲಿ ಸತ್ತವರನ್ನು ನೆನೆಯಲು ಎಂಬತ್ತು ವರ್ಷಗಳ ನಂತರ ಮತ್ತೆ ಹೆಣ ಬೀಳಬೇಕೆ?

ವಿಮಾನ ಇಲ್ಲದಿದ್ದರೆ ಜನ ಬರುತ್ತಾರಾ ಎಂದು ಕೇಳುತ್ತಾರೆ. ಆ ಸದ್ದು ಕೇಳಿದರೆ ಅಜ್ಜಂದಿರಿಗೆ ಎಲ್ಲ ನೆನಪಾಗುತ್ತದೆ ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಹಾಗಾದರೆ ವಿಮಾನವನ್ನು ನೆಲದ ಮೇಲೇ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ. ಅಜ್ಜನನ್ನು ಪಕ್ಕದಲ್ಲಿ ಕೂರಿಸಿ. ಎಂಜಿನ್ ಬಂದ್ ಮಾಡಿದ ಮೇಲೆ ಮೈಕನ್ನು ಅವರ ಕೈಗೆ ಕೊಡಿ. ನೆನಪು ಬಂದದ್ದು ನಿಜವಾದರೆ ಅದನ್ನು ಕೇಳುವ ವ್ಯವಧಾನವೂ ಇರಬೇಕಲ್ಲ?

ಕೇಳುವುದು ಹೇಗೆ ಎಂಬುದೂ ಅಮೆರಿಕದವರಿಗೆ ಗೊತ್ತಿದೆ. 2000ದಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಮಾಜಿ ಸೈನಿಕರ ಮಾತು ಕೂಡಿಡುವ ಯೋಜನೆ ಶುರುಮಾಡಿತು. ಕನಿಷ್ಠ ಅರ್ಧ ಗಂಟೆ ರೆಕಾರ್ಡ್ ಮಾಡಬೇಕು. ಮಾಡುವವರು ಪಂಡಿತರೇ ಆಗಬೇಕಿಲ್ಲ, ಹತ್ತನೇ ತರಗತಿಯ ಮಕ್ಕಳೂ ಮಾಡಬಹುದು. ಲಕ್ಷಕ್ಕೂ ಹೆಚ್ಚು ಸೈನಿಕರ ಕತೆ ಹೀಗೆ ಉಳಿದಿದೆ. ನೂರು ಮೇಳ ಮಾಡದ ಕೆಲಸ ಇದು. ಎರಡನೇ ಮಹಾಯುದ್ಧದಲ್ಲಿ ದುಡಿದ ಸುಮಾರು 1.6 ಕೋಟಿ ಅಮೆರಿಕನ್ನರಲ್ಲಿ ಇಂದು ನೂರಕ್ಕೊಬ್ಬರೂ ಉಳಿದಿಲ್ಲ. ವಿಮಾನ ಇನ್ನೂ ಐವತ್ತು ವರ್ಷ ಕಾಯುತ್ತದೆ. ಅಜ್ಜ ಕಾಯುವುದಿಲ್ಲ.

ಬಾಯಿಮಾತಿಗೆ ಎಷ್ಟು ಬೆಲೆ ಎಂದು ತಿಳಿಯಲು ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯ ಅವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ಮೇಲಿನ ದಾಳಿಗೆ ಮಿಸ್ಟೀರ್ ವಿಮಾನದಲ್ಲಿ ಹೋದವರು ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಅವರು ಹೊಡೆದುರುಳಿಸಿದ್ದರು ಎಂಬುದು ಹೊರಬಿದ್ದದ್ದು ಎದುರಾಳಿ ಕಡೆಯ ವಿವರಗಳಿಂದ. ಆ ಪಾಕಿಸ್ತಾನಿ ಪೈಲಟ್ ಪ್ಯಾರಾಶೂಟಿನಲ್ಲಿ ಹಾರಿ ಬದುಕಿಕೊಂಡಿದ್ದರು. ದೇವಯ್ಯ ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷ ತಡವಾಗಿ. ಒಬ್ಬ ಮನುಷ್ಯ ಬದುಕಿ ಉಳಿದಿದ್ದರಿಂದ ಒಂದು ಸತ್ಯ ಉಳಿಯಿತು.

ನಮ್ಮಲ್ಲೂ ಈಗ ಹಳೇ ವಿಮಾನಗಳ ಮೋಹ ಬೆಳೆಯುತ್ತಿದೆ. ವಾಯುಪಡೆಯ ಬಳಿ ಟೈಗರ್ ಮಾತ್ ಇದೆ, ಹಾರ್ವರ್ಡ್ ಇದೆ. 2018ರಲ್ಲಿ ಬ್ರಿಟನ್ನಿನಿಂದ ಹಾರಿ ಬಂದ ಡಕೋಟಾ 'ಪರಶುರಾಮ' ಇದೆ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ್ದು ಇಂಥ ಡಕೋಟಾಗಳೇ. ಇವನ್ನು ಕಾಪಾಡಲಿ, ನಮ್ಮ ತಕರಾರಿಲ್ಲ. ಆದರೆ ಯಲಹಂಕದ ಏರೋ ಇಂಡಿಯಾ ಬಂದರೆ ಪತ್ರಿಕೆಗಳ ಮುಖಪುಟದ ತುಂಬ ರೆಕ್ಕೆ, ಹೊಗೆ, ವೇಗದ ಲೆಕ್ಕ. 1971ರಲ್ಲಿ ಇಪ್ಪತ್ತರ ಹುಡುಗನಾಗಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಅವರು ಇರುವುದು ಯಲಹಂಕದ ಗ್ಯಾಲರಿಯಲ್ಲಲ್ಲ, ಊರಿನ ಜಗಲಿಯಲ್ಲಿ, ಪಿಂಚಣಿ ಬಂತೇ ಎಂದು ಕೇಳಲು ನಿಂತ ಬ್ಯಾಂಕಿನ ಸಾಲಿನಲ್ಲಿ. ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆದು ಕಳಿಸುತ್ತಾರೆ. ಫೋಟೊದಲ್ಲಿ ಶಾಲು ಹೊದಿಸಿದವರ ಮುಖವೇ ದೊಡ್ಡದು.

ಹಳ್ಳಿಯಲ್ಲಿದ್ದು ಸುದ್ದಿ ಬರೆಯುವ ನಮ್ಮ ಪೀಳಿಗೆಯವರಿಗೆ ಹೇಳುವುದಿಷ್ಟೆ. ನಿಮ್ಮ ಹೋಬಳಿಯಲ್ಲಿರುವ ಮಾಜಿ ಸೈನಿಕರ ಪಟ್ಟಿ ಮಾಡಿ. ಬಂದೂಕು ಹಿಡಿದವರಷ್ಟೇ ಅಲ್ಲ, ಲಾರಿ ಓಡಿಸಿದವರು, ಅಡುಗೆ ಮಾಡಿದವರು, ಎಂಜಿನ್ ಬಿಚ್ಚಿದವರು, ಕಾರ್ಖಾನೆಯಲ್ಲಿ ರಿವೆಟ್ ಹೊಡೆದವರು, ಎಲ್ಲರೂ ಅದರಲ್ಲಿರಲಿ. ಮೊಬೈಲಿನಲ್ಲಿ ರೆಕಾರ್ಡರ್ ಹಾಕಿ ಅರ್ಧ ಗಂಟೆ ಸುಮ್ಮನೆ ಕೂತು ಕೇಳಿ. ಎಷ್ಟು ಜನರನ್ನು ಕೊಂದಿರಿ ಎಂದು ಕೇಳಬೇಡಿ. ಏನು ಊಟ ಮಾಡುತ್ತಿದ್ದಿರಿ, ಮನೆಗೆ ಕಾಗದ ಯಾರು ಬರೆದುಕೊಡುತ್ತಿದ್ದರು, ಜೊತೆಗಿದ್ದವರಲ್ಲಿ ಯಾರು ವಾಪಸ್ ಬರಲಿಲ್ಲ ಎಂದು ಕೇಳಿ. ಅವರ ಮನೆಯವರಿಗೂ ಒಂದು ಪ್ರತಿ ಕೊಡಿ.

ಶಾಲು ಆಮೇಲೆ ಹೊದಿಸಬಹುದು.