ಮನೆ ನಮ್ಮದು, ಕಾಗದ ಯಾರ ಭಾಷೆಯದು?



ನವೆಂಬರ್ ಒಂದು ಬಂದರೆ ಗಡಿಯಾಚೆಯ ನಮ್ಮ ಕೊರಳಲ್ಲೂ ಕೆಂಪು ಹಳದಿ ಶಾಲು. ಭಾಷಣ ಮಾಡುತ್ತೇವೆ, ಮಕ್ಕಳಿಂದ ಕೋಲಾಟ ಆಡಿಸುತ್ತೇವೆ, ‘ಕನ್ನಡವೇ ಉಸಿರು’ ಅಂತ ಬೋರ್ಡಿನ ಮೇಲೆ ಬರೆಸುತ್ತೇವೆ. ಸಂತೋಷ. ಆದರೆ ಇದೇ ನಾವು ಜೀವಮಾನದ ಉಳಿತಾಯ ಸುರಿದು ಮನೆ ಕೊಳ್ಳುವ ದಿನ ಏನು ಮಾಡುತ್ತೇವೆ? ಓದಲು ಬಾರದ ಕಾಗದದ ಪ್ರತಿ ಹಾಳೆಗೂ ಸಹಿ ಹಾಕಿ, ಎಲ್ಲರಿಗೂ ಟೀ ಕುಡಿಸಿ, ಮನೆಗೆ ಬಂದು ಆ ಕಾಗದವನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚುತ್ತೇವೆ! ಅದರೊಳಗೆ ಏನಿದೆ ಅಂತ ದೇವರಿಗೇ ಗೊತ್ತಿರಬೇಕು.

ಇದು ತಮಾಷೆಗೆ ಬರೆದದ್ದಲ್ಲ. ಪೆದ್ದಕಡುಬೂರು ಮಂಡಲದ ನಮ್ಮ ಶಾಲೆಯ ಒಬ್ಬ ಹುಡುಗಿಯ ತಂದೆ ಎರಡು ವರ್ಷದ ಹಿಂದೆ ಎರಡು ಕೋಣೆಯ ಮನೆ ಕೊಳ್ಳಲು ಮುಂದಾದರು. ಮಾತಾದದ್ದು ಆರು ಲಕ್ಷಕ್ಕೆ. ಅಡ್ವಾನ್ಸ್ ನಾಲ್ಕು ಲಕ್ಷ ಕೊಟ್ಟು ಅಗ್ರಿಮೆಂಟು ಬರೆಸಿಕೊಂಡರು. ಏಳನೇ ತರಗತಿಯವರೆಗೆ ಕನ್ನಡ ಓದಿದ ಮನುಷ್ಯ. ತೆಲುಗು ಅಕ್ಷರ ನಮ್ಮ ಅಕ್ಷರದ ಹಾಗೇ ಕಾಣುತ್ತದಲ್ಲ, ಕೂಡಿಸಿ ಕೂಡಿಸಿ ತಾವೇ ಓದಿಕೊಂಡರು. ನಮಗೂ ತೋರಿಸಿದ್ದರೆ ಆಗುತ್ತಿತ್ತು, ತೋರಿಸಲಿಲ್ಲ. ಆರು ತಿಂಗಳಿಗೆ ಬಾಗಿಲಿಗೆ ಬ್ಯಾಂಕಿನ ನೋಟೀಸು ಅಂಟಿತು. ಆಗ ಓಡಿ ಬಂದರು.

ಕಾಗದದಲ್ಲಿ ‘ತನಖಾ’ ಎಂಬ ಪದ ಎರಡು ಕಡೆ ಇತ್ತು. "ತನಿಖೆ ಆಗೇತಿ ಅಂತ ಬರ್ದಾರಲ್ರೀ ಸಾರ್, ಹಂಗಾಗಿ ಧೈರ್ಯ ಬಂತು" ಎಂದರು. ನಮಗೆ ಬಾಯಿಂದ ಮಾತೇ ಹೊರಡಲಿಲ್ಲ. ತೆಲುಗಿನಲ್ಲಿ ತನಖಾ ಎಂದರೆ ತನಿಖೆ ಅಲ್ಲ, ಅಡಮಾನ! ಮನೆ ಅಡಮಾನದಲ್ಲಿದೆ, ಆ ಬಾಕಿಯನ್ನು ಕೊಳ್ಳುವವನೇ ತೀರಿಸಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ಬಾಯಿಮಾತಿನಲ್ಲಿ ‘ಕುದುವ’ ಎಂದಿದ್ದರೆ ಅವರಿಗೆ ತಕ್ಷಣ ತಿಳಿಯುತ್ತಿತ್ತು. ಸಂತೆ ತೆಲುಗು ಅವರಿಗೆ ಚೆನ್ನಾಗಿ ಬರುತ್ತದೆ. ಕಾಗದದ ತೆಲುಗು ಬೇರೆ. ಮಾರಿದವನನ್ನು ಕೇಳಿದರೆ "ನಾನೇನೂ ಮುಚ್ಚಿಟ್ಟಿಲ್ಲ, ಬರೆದೇ ಇದೆ, ನೀನೇ ಸಹಿ ಮಾಡಿದ್ದೀಯ" ಎಂದ. ಕೊನೆಯ ಸಾಲಿನಲ್ಲಿ ‘ಓದಿ ಕೇಳಿಸಲಾಗಿ ಒಪ್ಪಿ ಸಹಿ ಮಾಡಿದೆವು’ ಎಂಬ ಅರ್ಥದ ಮಾತೂ ಇತ್ತು. ಓದಿ ಕೇಳಿಸಿದವರು ಮಾತ್ರ ಯಾರೂ ಇರಲಿಲ್ಲ.

ಆ ಹುಡುಗಿ ಈಗ ಶಾಲೆಗೆ ಬರುತ್ತಿಲ್ಲ. ಮನೆಯವರೆಲ್ಲ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಸುಗ್ಗಿಗೆ ಹೋಗಿದ್ದಾರೆ. ಹಾಜರಿ ಪುಸ್ತಕದಲ್ಲಿ ನಾವು ದಿನಾ ‘ಗೈರು’ ಬರೆಯುತ್ತಿದ್ದೇವೆ.

ಇಲ್ಲಿ ತಪ್ಪು ಯಾರದು? ಮಾರಿದವನದು ಇದೆ, ಬಿಡಿ. ಪತ್ರ ಬರೆಯುವವರದೂ ಇದೆ. ಆದರೆ ನಮ್ಮದು, ಅಂದರೆ ಕನ್ನಡ ಕನ್ನಡ ಎನ್ನುವ ನಮ್ಮೆಲ್ಲರದು, ಕಡಿಮೆ ಇಲ್ಲ. ಕಾಗದವನ್ನು ನಮ್ಮ ಭಾಷೆಯಲ್ಲಿ ಕೇಳಬಹುದು ಎಂಬ ಯೋಚನೆಯೇ ನಮಗೆ ಬರುವುದಿಲ್ಲ.

ಹಿಂದೆ ಹೀಗಿರಲಿಲ್ಲ. ನಮ್ಮ ಅಜ್ಜನ ಟ್ರಂಕಿನಲ್ಲಿ 1940ರ ದಶಕದ ಒಂದು ಕ್ರಯಪತ್ರ ಇದೆ, ಅಚ್ಚ ಕನ್ನಡದಲ್ಲಿ. ಮೂಡಲಿಗೆ ಯಾರ ಗೋಡೆ, ಪಡುವಲಿಗೆ ಯಾವ ಓಣಿ, ಬೇವಿನ ಮರ ಯಾರಿಗೆ ಸೇರಿದ್ದು, ಎಲ್ಲಾ ಇದೆ. ಆಗ ಆದೋನಿ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಈ ಕಡೆ ಬಂದವು. ಗೆರೆ ಹಾಕಿದವರು ಹಾಕಿದರು. ಮನೆ ಅಲ್ಲೇ ಇತ್ತು, ಬೇವಿನ ಮರವೂ ಅಲ್ಲೇ ಇತ್ತು, ಕಾಗದದ ಭಾಷೆ ಮಾತ್ರ ಬದಲಾಯಿತು.

"ಸರ್ಕಾರ ತೆಲುಗಿನದು ಸಾರ್, ಕನ್ನಡದಲ್ಲಿ ಬರೆದರೆ ರಿಜಿಸ್ಟರ್ ಮಾಡ್ತಾರಾ?" ಅಂತ ಓದಿದವರೇ ನಮ್ಮನ್ನು ಕೇಳುತ್ತಾರೆ. ಕಾನೂನು ಏನು ಹೇಳುತ್ತದೆ ನೋಡೋಣ. 1908ರ ನೋಂದಣಿ ಕಾಯ್ದೆಯ 19ನೇ ಕಲಂ. ದಸ್ತಾವೇಜಿನ ಭಾಷೆ ಅಧಿಕಾರಿಗೂ ತಿಳಿಯದೆ, ಆ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇಲ್ಲದಿದ್ದರೆ ಮಾತ್ರ ಆತ ಅದನ್ನು ತಿರಸ್ಕರಿಸಬೇಕು. ಆಗಲೂ ಜಿಲ್ಲೆಯ ಬಳಕೆಯ ಭಾಷೆಗೆ ಮಾಡಿದ ಸರಿಯಾದ ಅನುವಾದ ಮತ್ತು ಒಂದು ನಕಲು ಲಗತ್ತಿಸಿದರೆ ಆ ಅಡ್ಡಿ ಇಲ್ಲ. ‘ರಾಜ್ಯದ ಭಾಷೆ’ ಎಂದು ಅಲ್ಲಿ ಬರೆದಿಲ್ಲ, ‘ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಭಾಷೆ’ ಎಂದಿದೆ. ಸರ್ಕಾರವೇ ಕನ್ನಡ ಶಾಲೆ ನಡೆಸುವ, ಹತ್ತನೇ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಸುವ ಊರುಗಳಲ್ಲಿ ಕನ್ನಡ ಬಳಕೆಯಲ್ಲಿಲ್ಲ ಅಂತ ಯಾರು ಹೇಳುತ್ತಾರೆ?

ಇನ್ನೊಂದು ಇದೆ. ತೆಲುಗಿನ ಜೊತೆಗೆ ಬೇರೆ ಭಾಷೆಯವರು ಇರುವ ಪ್ರದೇಶದಲ್ಲಿ ಆ ಭಾಷೆಯನ್ನೂ ಬಳಸುವಂತೆ ಅಧಿಸೂಚನೆ ಹೊರಡಿಸಲು ಆಂಧ್ರಪ್ರದೇಶದ 1966ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅವಕಾಶ ಇದೆ. ಉರ್ದುವಿನವರು ಕೇಳುತ್ತಲೇ ಇದ್ದರು, 2022ರಲ್ಲಿ ರಾಜ್ಯದ ಎರಡನೇ ಅಧಿಕೃತ ಭಾಷೆ ಮಾಡಿಸಿಕೊಂಡರು. ನಾವು ಶಾಲು ಹೊದ್ದುಕೊಂಡೆವು.

"ಹಾಗಾದರೆ ತೆಲುಗು ಕಲಿಯಿರಿ" ಅಂತ ನಮ್ಮ ಸಹೋದ್ಯೋಗಿಯೊಬ್ಬರ ವಾದ. ಕಲಿಯಬಾರದು ಅಂತ ನಾವು ಯಾವತ್ತೂ ಹೇಳಿಲ್ಲ. ನಮ್ಮ ಮಕ್ಕಳು ಕಲಿಯುತ್ತಿದ್ದಾರೆ, ಅದೂ ನಮ್ಮ ನೆಲದ ಭಾಷೆಯೇ. ಆದರೆ ನಲವತ್ತು ದಾಟಿದ ಕೂಲಿ ಮನುಷ್ಯ ಮನೆ ಕೊಳ್ಳುವ ಮುಂಚೆ ದಸ್ತಾವೇಜಿನ ತೆಲುಗು ಕಲಿತು ಬರಲಿ ಎನ್ನುವುದು ನ್ಯಾಯವೇ? ಪತ್ರ ಬರೆಯುವವರಲ್ಲೇ ಅನೇಕರಿಗೆ ಕನ್ನಡ ಗೊತ್ತು! ತೆಲುಗಿನಲ್ಲೇ ಬರೆಯಲಿ, ಮುಂದೆ ಬ್ಯಾಂಕಿಗೆ ಅನುಕೂಲ. ಅದರ ಹಿಂದೆ ಎರಡು ಹಾಳೆ ಕನ್ನಡದ ಪ್ರತಿ ಹೊಲಿದು, ಅದಕ್ಕೂ ಎರಡೂ ಕಡೆಯವರು ಸಹಿ ಹಾಕಲಿ. ಎಷ್ಟು ಖರ್ಚಾದೀತು? ಮಧ್ಯವರ್ತಿಗೆ ಕೊಡುವ ಕಮಿಷನ್ನಿನಲ್ಲಿ ಒಂದು ಚೂರು.

ಖರ್ಚಿನ ಮಾತು ಬಂದಿದ್ದಕ್ಕೆ ಹೇಳುತ್ತೇವೆ. ಈ ರಾಜ್ಯದಲ್ಲಿ ಕ್ರಯಪತ್ರಕ್ಕೆ ಸ್ಟಾಂಪು 5, ವರ್ಗಾವಣೆ ಶುಲ್ಕ 1.5, ನೋಂದಣಿ 1, ಒಟ್ಟು ಶೇಕಡಾ 7.5. ಆರು ಲಕ್ಷಕ್ಕೆ 45 ಸಾವಿರ. ಅದನ್ನು ಉಳಿಸಲು ನಮ್ಮವರು ಅಗ್ರಿಮೆಂಟಿನಲ್ಲೇ ವರ್ಷಗಟ್ಟಲೆ ಕೂತುಬಿಡುತ್ತಾರೆ. ಸ್ವಾಮಿ, ಅಗ್ರಿಮೆಂಟು ಮನೆಯಲ್ಲ! 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ ಬರೀ ಮಾರಾಟದ ಕರಾರಿನಿಂದ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಜಿಪಿಎ ಬರೆಸಿಕೊಂಡರೂ ಅಷ್ಟೇ, 2011ರಲ್ಲಿ ಸುಪ್ರೀಂ ಕೋರ್ಟ್ ಅದು ಮಾರಾಟವಲ್ಲ ಎಂದಿದೆ. ಮನೆ ಕಂದಾಯದ ರಸೀದಿ ನಿಮ್ಮ ಹೆಸರಿಗೆ ಬಂದರೆ ಮನೆ ನಿಮ್ಮದಾಯಿತು ಎಂಬ ನಂಬಿಕೆಯೂ ಸುಳ್ಳು.

ಇಸಿ ತೆಗೆಸುವುದನ್ನು ಈಗ ಬಹಳ ಜನ ಕಲಿತಿದ್ದಾರೆ, ಒಳ್ಳೆಯದು. ಆದರೆ ಮೂಲ ಪತ್ರವನ್ನೇ ಬ್ಯಾಂಕಿನಲ್ಲಿಟ್ಟು ಸಾಲ ತಂದಿದ್ದರೆ ಅದು ಕೆಲವೊಮ್ಮೆ ಇಸಿಯಲ್ಲಿ ಕಾಣುವುದಿಲ್ಲ. ಮಾರುವವರು ಜೆರಾಕ್ಸ್ ಮಾತ್ರ ತೋರಿಸಿ "ಅಸಲು ಊರಲ್ಲಿದೆ" ಎಂದರೆ ಅಡ್ವಾನ್ಸು ಕೊಡದೆ ಎದ್ದು ಬನ್ನಿ. ಸರ್ಕಾರ ಬಡವರಿಗೆ ಹಂಚಿದ ನಿವೇಶನವಾದರೆ ಇನ್ನೂ ಎಚ್ಚರ. ಹಂಚಿದ ಭೂಮಿ ಕೈ ಬದಲಾಗದಂತೆ 1977ರಿಂದ ಕಾಯ್ದೆ ಇದೆ, ಆ ಪಟ್ಟಾದ ಷರತ್ತು ಓದದೆ ಬಿಡಿಗಾಸೂ ಕೊಡಬೇಡಿ.

ಅಳತೆಯದು ಇನ್ನೊಂದು ಗೋಳು. ಇಲ್ಲಿ ಗಜ, ಸೆಂಟು. ಬಳ್ಳಾರಿ ಕಡೆಯ ಬೀಗರಿಗೆ ಗುಂಟೆ, ಚದರ ಅಡಿ. ಒಂದು ಚದರ ಗಜಕ್ಕೆ 9 ಚದರ ಅಡಿ, ಒಂದು ಸೆಂಟಿಗೆ 48.4 ಚದರ ಗಜ, ಎರಡೂವರೆ ಸೆಂಟಿಗೆ ಒಂದು ಗುಂಟೆ. ನಮ್ಮ ಎಂಟನೇ ತರಗತಿಯ ಮಕ್ಕಳು ಐದು ನಿಮಿಷದಲ್ಲಿ ಲೆಕ್ಕ ಮಾಡುತ್ತಾರೆ. ಅಪ್ಪಂದಿರು ಮಕ್ಕಳನ್ನು ಕೇಳಲು ನಾಚುತ್ತಾರೆ, ಮಧ್ಯವರ್ತಿಯನ್ನು ನಂಬಲು ನಾಚುವುದಿಲ್ಲ.

ನಮ್ಮ ಮೇಲೂ ಒಂದು ಏಟು ಹಾಕಿಕೊಳ್ಳಬೇಕು. ನಾವು ಪತ್ರಲೇಖನ ಕಲಿಸುತ್ತೇವೆ. ರಜಾ ಚೀಟಿ, ಪ್ರವಾಸಕ್ಕೆ ಅನುಮತಿ ಕೇಳಿ ತಂದೆಗೆ ಪತ್ರ... ಎಷ್ಟು ವರ್ಷದಿಂದ ಅದೇ! ಒಂದು ಕ್ರಯಪತ್ರ ಹೇಗಿರುತ್ತದೆ ಅಂತ ಯಾವ ಮಗುವಿಗೂ ತೋರಿಸಿಲ್ಲ. ಟಿ.ಸಿ.ಎಚ್.ನಲ್ಲಿ ನಮಗೂ ಯಾರೂ ತೋರಿಸಿರಲಿಲ್ಲ.

ಹೋದ ತಿಂಗಳಿಂದ ಶನಿವಾರ ಕೊನೆಯ ಪಿರಿಯಡ್ಡಿನಲ್ಲಿ ಶುರು ಮಾಡಿದ್ದೇವೆ. ಅಜ್ಜನ ಪತ್ರ ಮೊದಲು, ಆಮೇಲೆ ಇಂದಿನ ಒಂದು ತೆಲುಗು ಪತ್ರ. ಅಕ್ಕಪಕ್ಕ ಇಟ್ಟು ಪದಪಟ್ಟಿ ಮಾಡಿಸುತ್ತೇವೆ: ತೂರ್ಪು ಎಂದರೆ ಮೂಡಲು, ಪಡಮರ ಎಂದರೆ ಪಡುವಲು, ಅಮ್ಮಕಂ ಎಂದರೆ ಮಾರಾಟ, ತನಖಾ ಎಂದರೆ ಅಡಮಾನ. ಚೆಕ್ಕುಬಂದಿ ಎರಡರಲ್ಲೂ ಚೆಕ್ಕುಬಂದಿಯೇ. ಮನೆಯಲ್ಲಿ ಪತ್ರ ಇದ್ದವರು ಜೆರಾಕ್ಸ್ ತಂದರೆ ಓದಿ ಹೇಳುತ್ತೇವೆ ಅಂತಲೂ ಹೇಳಿ ಕಳಿಸಿದೆವು.

ಇಬ್ಬರು ತಾಯಂದಿರು ಬಂದರು. ಒಬ್ಬರದು ಸರಿ ಇತ್ತು. ಇನ್ನೊಬ್ಬರ ಪತ್ರದಲ್ಲಿ ಪಡುವಲ ಓಣಿಯನ್ನು ಪಕ್ಕದ ಮನೆಯವರ ಜಾಗ ಅಂತ ಬರೆದುಬಿಟ್ಟಿದ್ದಾರೆ. ಆ ಮನೆಯ ಬಾಗಿಲು ಇರುವುದೇ ಆ ಓಣಿಗೆ. ತಿದ್ದುಪಡಿ ಪತ್ರ ಮಾಡಿಸಲು ಮಾರಿದವರೂ ಬಂದು ಸಹಿ ಹಾಕಬೇಕು. ಅವರು ಸುಗ್ಗಿಗೆ ಹೋಗಿದ್ದಾರೆ, ಯುಗಾದಿಗೆ ಬರುತ್ತಾರಂತೆ.