ಎಕ್ಸ್‌ಎಂಎಲ್ ಅಂದ್ರೆ ಅಕ್ಷರದ ರಾಶಿಯಲ್ಲ

ಕನ್ನಡಕ್ಕಾಗಿ ತಂತ್ರಾಂಶ ಬರೆಯುವ ಗೆಳೆಯರ ಮೇಲೆ ನನ್ನದೊಂದು ತಕರಾರಿದೆ. ಎಕ್ಸ್‌ಎಂಎಲ್ ಕಡತ ಕೈಗೆ ಸಿಕ್ಕ ಕೂಡಲೇ ಗ್ರೆಪ್ ಹಿಡ್ಕೊಂಡು ಹೊರಟುಬಿಡ್ತಾರೆ. ಕೇಳಿದ್ರೆ, ‘ಬೇಗ ಆಗುತ್ತೆ ಸಾರ್’ ಅಂತಾರೆ. ಬೇಗ ಆಗುತ್ತೆ, ಒಪ್ಪಿದೆ. ಸರಿಯಾಗಿ ಆಗುತ್ತಾ?

ಕನ್ನಡ ವಿಕಿಪೀಡಿಯದ ಡಂಪ್ ತಗೊಳ್ಳಿ. ಅದು ಸಿಗುವುದು ಎಕ್ಸ್‌ಎಂಎಲ್ ರೂಪದಲ್ಲೇ. ಅದರಲ್ಲಿರುವ ಟೈಟಲ್ ಟ್ಯಾಗುಗಳನ್ನು ಎಣಿಸಿ ‘ಕನ್ನಡದಲ್ಲಿ ಇಷ್ಟು ಲೇಖನಗಳಿವೆ’ ಅಂದ್ರೆ ಅದು ಸುಳ್ಳು ಲೆಕ್ಕ. ಟೆಂಪ್ಲೇಟು, ವರ್ಗ, ರೀಡೈರೆಕ್ಟು ಎಲ್ಲವೂ ಅದರೊಳಗೆ ನುಗ್ಗಿರುತ್ತವೆ. ಎಕ್ಸ್‌ಪಾತ್‌ನಲ್ಲಾದರೆ ‘ಎನ್‌ಎಸ್ ಸೊನ್ನೆ ಇರುವ, ರೀಡೈರೆಕ್ಟ್ ಇಲ್ಲದ ಪೇಜುಗಳನ್ನಷ್ಟೇ ಕೊಡು’ ಅಂತ ಒಂದೇ ಸಾಲಿನಲ್ಲಿ ಕೇಳಬಹುದು.

ಅಕ್ಷರದ ವಿಷಯ ಇನ್ನೂ ಕಷ್ಟ. ಎಕ್ಸ್‌ಎಂಎಲ್‌ನಲ್ಲಿ ‘ಕ’ ಅಂತ ನೇರವಾಗಿ ಬರೆಯಬಹುದು, ಕ ಅಂತಲೂ ಬರೆಯಬಹುದು. ಕಡತವನ್ನು ಪಾರ್ಸ್ ಮಾಡಿ ನೋಡುವ ಎಕ್ಸ್‌ಪಾತ್‌ಗೆ ಎರಡೂ ಒಂದೇ. ‘ಕ’ ಹುಡುಕುವ ಗ್ರೆಪ್‌ಗೆ ಎರಡನೆಯದು ಕಾಣಿಸೋದೇ ಇಲ್ಲ.

ಟ್ಯಾಗಿನ ಹೆಸರೂ ಕನ್ನಡದಲ್ಲೇ ಇರಬಹುದು. ಹಾಗೆ ಮಾಡಿದ ನಿಘಂಟಿನ ಕಡತಕ್ಕೆ //ಪದ[@ವರ್ಗ='ಕ್ರಿಯಾಪದ']/ಅರ್ಥ ಅಂತ ಕೇಳಿದರೆ ಕ್ರಿಯಾಪದಗಳ ಅರ್ಥ ಮಾತ್ರ ಬರುತ್ತೆ. ಇದಕ್ಕಿಂತ ಸುಲಭ ಏನು ಬೇಕು?

‘ಬರೆದು ನೋಡಿದೆ, ಏನೂ ಬರಲಿಲ್ಲ’ ಅನ್ನೋರಿದ್ದಾರೆ. ವಿಕಿಪೀಡಿಯ ಡಂಪಿನ ಮೊದಲ ಟ್ಯಾಗಿನಲ್ಲೇ ನೇಮ್‌ಸ್ಪೇಸ್ ಇದೆ, ನೋಡಿ. ಅದಕ್ಕೊಂದು ಪ್ರಿಫಿಕ್ಸ್ ಕೊಟ್ಟು ಕರೀಬೇಕು. ಊರಲ್ಲಿ ಹತ್ತು ಜನ ಮಂಜುನಾಥರಿದ್ದಾಗ ಯಾವ ಮನೆಯವನು ಅಂತ ಹೇಳಬೇಕಲ್ವಾ?

ಕಡತ ದೊಡ್ಡದಾದರೆ ಇಡೀ ಮರವನ್ನು ಮೆಮೊರಿಗೆ ತುಂಬೋದು ಕಷ್ಟ ಅನ್ನುವ ಮಾತಲ್ಲಿ ನ್ಯಾಯವಿದೆ. ಹಾಗಿದ್ರೆ ಒಂದೊಂದೇ ಪೇಜನ್ನು ಓದಿ, ಅದರೊಳಗೆ ಹುಡುಕಿ. ಗ್ರೆಪ್‌ಗೆ ವಾಪಸ್ ಹೋಗೋಕೆ ಅದು ಕಾರಣವಲ್ಲ.

ಎಕ್ಸ್‌ಪಾತ್ 1.0 ಬಂದದ್ದು 1999ರಲ್ಲಿ. ಎಕ್ಸ್‌ಎಂಎಲ್‌ಲಿಂಟ್‌ನಂಥ ಉಪಕರಣಗಳು ಪುಕ್ಕಟೆ ಸಿಗುತ್ತವೆ. ಇಂಗ್ಲಿಷಿನಲ್ಲಿ ಸಾವಿರ ಪದ ಕಳೆದುಹೋದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ನಮಗೆ ಇರೋದೇ ಸ್ವಲ್ಪ. ಕಾಗುಣಿತ ಪರೀಕ್ಷಕ, ನಿಘಂಟು, ಭಾಷಾ ಮಾದರಿ ಎಲ್ಲವೂ ಆ ಸ್ವಲ್ಪದ ಮೇಲೇ ನಿಲ್ಲಬೇಕು. ಅದನ್ನು ಸೋಸುವಾಗ ಉಡಾಫೆ ಮಾಡಿ, ಆಮೇಲೆ ‘ಕನ್ನಡಕ್ಕೆ ಡೇಟಾ ಇಲ್ಲ’ ಅಂತ ವೇದಿಕೆ ಮೇಲೆ ಅಳಬೇಡಿ.